ಹೆನ್ರಿಯಾ, ಮೆಕ್ಯಾಫ್ರಿಯಾ? ರನ್ನಿಂಗ್ ಬ್ಯಾಕ್‌ಗಳ ಜಗಳ ಯಾಕೆ ಮುಗಿಯೋದಿಲ್ಲ

2015ರ ನವೆಂಬರ್ 7, ಶನಿವಾರ ರಾತ್ರಿ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾ ಎಂಬ ಕಾಲೇಜು ಊರು. ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ. ಆಟ ಅಮೆರಿಕನ್ ಫುಟ್‌ಬಾಲ್, ಆಡುತ್ತಿರುವವರು ವಿದ್ಯಾರ್ಥಿಗಳು. ಒಂದು ಕಡೆ ಲೂಸಿಯಾನಾ ಸ್ಟೇಟ್, ಅಂದರೆ ಎಲ್‌ಎಸ್‌ಯು. ಇನ್ನೊಂದು ಕಡೆ ಅಲಬಾಮಾ.

ಎಲ್‌ಎಸ್‌ಯು ತಂಡದ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ಲೆನರ್ಡ್ ಫೋರ್ನೆಟ್. ಅವನೇ ಆ ವರ್ಷದ ಮಹಾ ಓಟಗಾರ ಅಂತ ಆಗಲೇ ಎಲ್ಲರೂ ತೀರ್ಮಾನಿಸಿದ್ದರು. ಮೊದಲ 7 ಪಂದ್ಯಗಳಲ್ಲಿ ಸರಾಸರಿ 193 ಗಜ ಓಡಿದ್ದ. ಅದರಲ್ಲಿ ಸತತ ಮೂರು ಪಂದ್ಯಗಳಲ್ಲಿ 200 ದಾಟಿದ್ದ. ಆ ರಾತ್ರಿ ಅವನಿಗೆ 19 ಸಲ ಚೆಂಡು ಕೊಟ್ಟರು. ಸಿಕ್ಕಿದ್ದು ಬರೀ 31 ಗಜ. ಅಲಬಾಮಾದ ಡೆರಿಕ್ ಹೆನ್ರಿ 38 ಸಲ ಚೆಂಡು ಹಿಡಿದು 210 ಗಜ ಓಡಿದ, ಮೂರು ಟಚ್‌ಡೌನ್ ಬಾರಿಸಿದ. ಅಲಬಾಮಾ 30-16ರಿಂದ ಗೆದ್ದಿತು. ಬೆಳಗಾಗುವಷ್ಟರಲ್ಲಿ ಫೋರ್ನೆಟ್ ಹೆಸರು ಕೆಳಗಿಳಿದಿತ್ತು, ಹೆನ್ರಿ ಹೆಸರು ಮೇಲೇರಿತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ರಾತ್ರಿ ಹೆನ್ರಿ, ಫೋರ್ನೆಟ್ ಇಬ್ಬರೂ ಮೈದಾನದಲ್ಲಿ ಒಂದು ಕ್ಷಣವೂ ಎದುರುಬದುರಾಗಿರಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿಗೆ ಬೇರೆ 11 ಜನ, ರಕ್ಷಣೆಗೆ ಬೇರೆ 11 ಜನ. ಫೋರ್ನೆಟ್ ಓಡಿದ್ದು ಅಲಬಾಮಾದ ರಕ್ಷಣೆಯ ಎದುರು. ಎ'ಶಾನ್ ರಾಬಿನ್ಸನ್, ಜ್ಯಾರನ್ ರೀಡ್, ಜೊನಾಥನ್ ಅಲೆನ್, ರೆಜಿ ರ‍್ಯಾಗ್ಲೆಂಡ್, ಎಲ್ಲರೂ ಮುಂದೆ ವೃತ್ತಿಪರ ಲೀಗ್ ಸೇರಿದವರು. ಅದು ಆ ವರ್ಷ ದೇಶದಲ್ಲೇ ಅತ್ಯಂತ ಗಟ್ಟಿಯಾದ ಗೋಡೆಗಳಲ್ಲಿ ಒಂದು. ಹೆನ್ರಿಗೆ ಆ ಗೋಡೆಗೆ ಡಿಕ್ಕಿ ಹೊಡೆಯುವ ಪ್ರಸಂಗವೇ ಬರಲಿಲ್ಲ. ಯಾಕೆಂದರೆ ಅದು ಅವನದೇ ತಂಡ. ಹಾಗಿದ್ದೂ ಆ ಪಂದ್ಯವನ್ನು ಇಬ್ಬರ ಕುಸ್ತಿ ಅನ್ನುವಂತೆ ನೋಡಿ ಜನ ತೀರ್ಪು ಕೊಟ್ಟರು.

ಕಾಲೇಜ್ ಫುಟ್‌ಬಾಲ್‌ನಲ್ಲಿ ಯಾವ ರನ್ನಿಂಗ್ ಬ್ಯಾಕ್ ಬೆಸ್ಟ್ ಅನ್ನೋ ವಾದ ಬಗೆಹರಿಯದಿರಲು ಮೂಲ ಕಾರಣ ಇದೇ. ಅಂಕಿ ಒಬ್ಬನ ಹೆಸರಿನಲ್ಲಿ ಬರೆದಿರುತ್ತಾರೆ, ಕೆಲಸ ಹನ್ನೊಂದು ಜನ ಮಾಡಿರುತ್ತಾರೆ. ಆ ಅಂಕಿಯಲ್ಲಿ ಅವನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಇವತ್ತಿಗೂ ಒಪ್ಪಿತವಾದ ಲೆಕ್ಕ ಇಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಇಲ್ಲವೇ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಕೊಟ್ಟರೆ ಅವನು ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ಮುಂದೆ ನುಗ್ಗಬೇಕು. ಹೀಗೆ ಒಂದು ಸಲ ನುಗ್ಗಿದರೆ ಅದು ಒಂದು ಕ್ಯಾರಿ. ಎಷ್ಟು ಮುಂದೆ ಹೋದ ಅನ್ನೋದು ಗಜದ ಲೆಕ್ಕ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್.

ಆದರೆ ಅವನ ಮುಂದೆ ಆಫೆನ್ಸಿವ್ ಲೈನ್ ಅಂತ ಐದು ಜನ ಇರುತ್ತಾರೆ. ಒಬ್ಬೊಬ್ಬರೂ 130 ಕಿಲೋ ಮೇಲಿನ ಧಡೂತಿಗಳು. ಅವರ ಕೆಲಸ ಎದುರಿನವರನ್ನು ತಳ್ಳಿ ದಾರಿ ಬಿಡಿಸುವುದು. ಅವರು ದಾರಿ ಬಿಡಿಸಿದರೆ ಮೊದಲ ನಾಲ್ಕು ಗಜ ಯಾರು ಬೇಕಾದರೂ ಓಡಬಹುದು. ಬಿಡಿಸದಿದ್ದರೆ ಚೆಂಡು ಕೈಗೆ ಬರುವ ಹೊತ್ತಿಗೇ ಇಬ್ಬರು ಮೈಮೇಲೆ ಬಿದ್ದಿರುತ್ತಾರೆ. ಹಾಗಾಗಿಯೇ ಈಗಿನ ವಿಶ್ಲೇಷಕರು ಗಜಗಳನ್ನು ಎರಡು ಭಾಗ ಮಾಡುತ್ತಾರೆ. ಮೊದಲ ಎದುರಾಳಿ ಮುಟ್ಟುವ ಮುಂಚೆ ಸಿಕ್ಕಿದ್ದು ಒಂದು, ಮುಟ್ಟಿದ ಮೇಲೆ ಎಳೆದುಕೊಂಡು, ತಪ್ಪಿಸಿಕೊಂಡು ಗಳಿಸಿದ್ದು ಇನ್ನೊಂದು. ಮೊದಲಿನದು ಹೆಚ್ಚಾಗಿ ಲೈನ್‌ನವರ ಸಂಪಾದನೆ, ಎರಡನೆಯದು ಓಟಗಾರನ ಸ್ವಂತದ್ದು ಅನ್ನೋದು ಅವರ ವಾದ.

ಕೇಳಲು ಚೆನ್ನಾಗಿದೆ. ಆದರೆ ಇದರಲ್ಲೂ ತೂತಿದೆ. ಜಾಣ ಓಟಗಾರ ಯಾರೂ ಮುಟ್ಟದ ಹಾಗೆ ದಾರಿ ಆರಿಸುತ್ತಾನೆ. ಒಂದು ಹೆಜ್ಜೆ ತಡೆದು ನಿಂತು, ತನ್ನ ಲೈನ್‌ನವರಿಗೆ ತಳ್ಳಲು ಸಮಯ ಕೊಟ್ಟು, ಆಮೇಲೆ ಸಂದಿಯಲ್ಲಿ ನುಗ್ಗುತ್ತಾನೆ. ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಅದರಲ್ಲಿ ಪಳಗಿದವನು. ಆ ತಾಳ್ಮೆಯಿಂದ ಬಂದ ಗಜಗಳು ಲೈನ್‌ನವರ ಖಾತೆಗೆ ಹೋಗಿಬಿಡುತ್ತವೆ. ಸುಮ್ನೆ ತಲೆ ತಗ್ಗಿಸಿ ಗುದ್ದಿಕೊಂಡು ಹೋಗುವವನಿಗೆ ಸ್ವಂತ ಗಜ ಜಾಸ್ತಿ ಕಾಣಿಸುತ್ತದೆ.

ವರ್ಷದ ಅತ್ಯುತ್ತಮ ಆಟಗಾರ ಯಾರು ಅನ್ನುವ 2015ರ ಜಗಳದಲ್ಲಿ ಹೆನ್ರಿಯ ಎದುರು ಕೊನೆಯವರೆಗೆ ನಿಂತವನು ಇದೇ ಮೆಕ್ಯಾಫ್ರಿ. ಇಬ್ಬರೂ ಒಂದೇ ಕೆಲಸ ಮಾಡುವವರು ಅಂತ ಹೇಳಿದರೆ ನೋಡಿದವರು ನಂಬುವುದು ಕಷ್ಟ. ಹೆನ್ರಿ 6 ಅಡಿ 3 ಇಂಚು ಎತ್ತರ, ಸುಮಾರು 110 ಕಿಲೋ ತೂಕ. ಆ ಗಾತ್ರದವರು ಸಾಮಾನ್ಯವಾಗಿ ಓಟಗಾರನನ್ನು ಹಿಡಿದು ಕೆಡವುವ ಕೆಲಸ ಮಾಡುತ್ತಾರೆ. ಮೆಕ್ಯಾಫ್ರಿ ಸುಮಾರು 6 ಅಡಿ, ತೂಕ 90 ಕಿಲೋ ಆಸುಪಾಸು. ಒಬ್ಬನನ್ನು ನಿಲ್ಲಿಸಲು ಮೂರು ಜನ ಬೇಕು. ಇನ್ನೊಬ್ಬನನ್ನು ಮುಟ್ಟುವುದೇ ಕಷ್ಟ.

ಹೆನ್ರಿ ಆ ಸೀಸನ್ 395 ಕ್ಯಾರಿಗಳಲ್ಲಿ 2,219 ಗಜ ಓಡಿದ, 28 ಟಚ್‌ಡೌನ್. ಮೆಕ್ಯಾಫ್ರಿ 337 ಕ್ಯಾರಿಗಳಲ್ಲಿ 2,019 ಗಜ, ಟಚ್‌ಡೌನ್ 8 ಮಾತ್ರ. ಇಷ್ಟೇ ನೋಡಿದರೆ ಹೆನ್ರಿ ಗೆದ್ದಂತೆ. ಆದರೆ ಮೆಕ್ಯಾಫ್ರಿ ಓಡುವುದರ ಜೊತೆಗೆ 45 ಪಾಸ್ ಹಿಡಿದು 645 ಗಜ ಸೇರಿಸಿದ. ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಹಿಡಿದು ವಾಪಸ್ ಓಡಿದ ಲೆಕ್ಕ ಇನ್ನೊಂದು ಸಾವಿರದ ಮೇಲೆ. ಸಾಲದ್ದಕ್ಕೆ ಎರಡು ಟಚ್‌ಡೌನ್ ಪಾಸ್ ಎಸೆದ. ಎಲ್ಲ ಬಗೆಯ ಗಜ ಕೂಡಿಸಿದರೆ 3,864. ಆ ಲೆಕ್ಕದಲ್ಲಿ ಒಕ್ಲಹೋಮಾ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ 3,250ರ ದಾಖಲೆಯನ್ನು 27 ವರ್ಷ ಯಾರೂ ಮುರಿದಿರಲಿಲ್ಲ.

ಈಗ ಹೇಳಿ, ರನ್ನಿಂಗ್ ಬ್ಯಾಕ್‌ನ ಕೆಲಸ ಎಷ್ಟು ದೂರದವರೆಗೆ? ಚೆಂಡು ಹಿಡಿದು ಓಡುವುದಷ್ಟೇ ಅಂದರೆ ಹೆನ್ರಿ. ತಂಡಕ್ಕೆ ಯಾವ ರೀತಿಯಲ್ಲಾದರೂ ಗಜ ತರುವುದು ಅಂದರೆ ಮೆಕ್ಯಾಫ್ರಿ. ಎಷ್ಟೋ ವಾದಗಳು ಇಲ್ಲೇ ದಾರಿ ತಪ್ಪುತ್ತವೆ. ಒಬ್ಬ ಒಂದು ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತಾನೆ, ಇನ್ನೊಬ್ಬ ಬೇರೆ ಪ್ರಶ್ನೆಗೆ. ಇಬ್ಬರದೂ ಸರಿಯಾಗಿಯೇ ಇರುತ್ತದೆ, ಇಬ್ಬರ ದನಿಯೂ ಏರುತ್ತಿರುತ್ತದೆ.

ಹೆನ್ರಿಯ ಕಡೆಯವರ ಬಲವಾದ ಮಾತು ಟಚ್‌ಡೌನ್. 28 ಎಲ್ಲಿ, 8 ಎಲ್ಲಿ? ನನಗೆ ಈ ಮಾತು ಅಷ್ಟು ರುಚಿಸುವುದಿಲ್ಲ. ಸ್ಟ್ಯಾನ್‌ಫರ್ಡ್ ಗೋಲ್ ಗೆರೆ ಹತ್ತಿರ ಬಂದಾಗ ಹೆಚ್ಚಾಗಿ ರೆಮೌಂಡ್ ರೈಟ್ ಎಂಬ ಇನ್ನೊಬ್ಬ ಓಟಗಾರನ ಕೈಗೆ ಚೆಂಡು ಕೊಡುತ್ತಿತ್ತು. ಮೆಕ್ಯಾಫ್ರಿ 60 ಗಜ ಓಡಿ ಚೆಂಡನ್ನು ಒಂದು ಗಜದ ಹತ್ತಿರ ತಂದಿರುತ್ತಾನೆ, ರೈಟ್ ಆ ಒಂದು ಗಜ ದಾಟಿರುತ್ತಾನೆ, ಟಚ್‌ಡೌನ್ ರೈಟ್ ಹೆಸರಿಗೆ. ಓಟಗಾರನ ಟಚ್‌ಡೌನ್ ಲೆಕ್ಕ ಅವನ ಬಗ್ಗೆ ಹೇಳುವಷ್ಟೇ ಕೋಚ್‌ನ ಅಭ್ಯಾಸದ ಬಗ್ಗೆಯೂ ಹೇಳುತ್ತದೆ.

ಆದರೆ ಹೆನ್ರಿ ಪರವಾಗಿ ನಾನು ಒಪ್ಪುವ ಇನ್ನೊಂದು ಮಾತಿದೆ. ಅದು ಹೊರೆ. ನವೆಂಬರ್ ಕೊನೆಗೆ ಆಬರ್ನ್ ಎದುರು ಅವನು 46 ಸಲ ಚೆಂಡು ಹೊತ್ತು 271 ಗಜ ಓಡಿದ. ಒಂದೇ ವಾರದ ನಂತರ ಫ್ಲೋರಿಡಾ ಎದುರು ಮತ್ತೆ 44 ಸಲ, 189 ಗಜ. ಎಂಟು ದಿನದಲ್ಲಿ 90 ಸಲ ಗುದ್ದಿಸಿಕೊಂಡ. ಅವನಿಗೇ ಚೆಂಡು ಬರುತ್ತದೆ ಅಂತ ಸ್ಟೇಡಿಯಂಗೆ ಸ್ಟೇಡಿಯಂಗೇ ಗೊತ್ತಿತ್ತು, ಎದುರು ತಂಡಕ್ಕೆ ಗೊತ್ತಿರಲಿಲ್ಲವೇ?

ಇದಕ್ಕೆ ಪ್ರತಿಯಾಗಿ ಜನ ಸರಾಸರಿ ತೆಗೆಯುತ್ತಾರೆ. ಒಂದು ಕ್ಯಾರಿಗೆ ಎಷ್ಟು ಗಜ? ಹೆನ್ರಿ 5.6, ಮೆಕ್ಯಾಫ್ರಿ 6.0, ಫೋರ್ನೆಟ್ 6.5. ಫ್ಲೋರಿಡಾ ಸ್ಟೇಟ್‌ನ ಡಾಲ್ವಿನ್ ಕುಕ್ ಆ ವರ್ಷ 229 ಕ್ಯಾರಿಗೆ 1,691 ಗಜ ಓಡಿದ್ದ, ಅಂದರೆ 7.4. ಈ ಅಳತೆಯಲ್ಲಿ ಹೆನ್ರಿ ಎಲ್ಲರಿಗಿಂತ ಕೆಳಗೆ! ಆದರೆ ಕ್ರಿಕೆಟ್ ನೋಡುವ ನಮಗೆ ಇದರ ಉತ್ತರ ಗೊತ್ತು. 20 ಬಾಲ್ ಆಡಿದವನ ಸ್ಟ್ರೈಕ್ ರೇಟ್‌ಗೂ ಇಡೀ ದಿನ ನಿಂತು ಆಡಿದವನ ಸ್ಟ್ರೈಕ್ ರೇಟ್‌ಗೂ ಒಂದೇ ಬೆಲೆ ಕಟ್ಟಲು ಆಗುವುದಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ, ತಂಡ ಮುಂದಿದ್ದಾಗ, ಗಡಿಯಾರ ಓಡಿಸಲೆಂದೇ ಮತ್ತೆ ಮತ್ತೆ ಓಡಿಸುತ್ತಾರೆ. ಎದುರಿನವರು ಎಂಟು, ಒಂಬತ್ತು ಜನರನ್ನು ಮುಂದೆ ತಂದು ನಿಲ್ಲಿಸಿರುತ್ತಾರೆ. ಅಲ್ಲಿ 3 ಗಜವೇ ದೊಡ್ಡದು. ಅದು ಸರಾಸರಿಯನ್ನು ಕೆಡಿಸುತ್ತದೆ, ಪಂದ್ಯವನ್ನು ಗೆಲ್ಲಿಸುತ್ತದೆ.

ಸರಾಸರಿಯ ಇನ್ನೊಂದು ಕಳ್ಳಾಟ ಇದೆ. ಒಬ್ಬ 10 ಸಲ ಓಡಿದ ಅಂತಿಟ್ಟುಕೊಳ್ಳಿ. ಒಮ್ಮೆ 70 ಗಜ, ಉಳಿದ ಒಂಬತ್ತು ಸಲ ಎರಡೆರಡು ಗಜ. ಒಟ್ಟು 88, ಸರಾಸರಿ 8.8. ಇನ್ನೊಬ್ಬ ಹತ್ತೂ ಸಲ ಆರಾರು ಗಜ ಓಡಿದ, ಸರಾಸರಿ 6. ಕಾಗದದ ಮೇಲೆ ಮೊದಲಿನವನು ಹೀರೋ. ಆದರೆ ಎರಡನೆಯವನು ಇದ್ದರೆ ತಂಡ ಎರಡು ಓಟಕ್ಕೊಮ್ಮೆ ಹೊಸ ನಾಲ್ಕು ಅವಕಾಶ ಗಳಿಸುತ್ತಾ ಗೆರೆಯವರೆಗೂ ನಡೆದು ಹೋಗುತ್ತದೆ. ಮೊದಲಿನವನಿದ್ದರೆ ಒಂದು ಸಲ ಹಬ್ಬ, ಉಳಿದ ಹೊತ್ತು ಚೆಂಡು ಎದುರಾಳಿಗೆ. ಇದಕ್ಕೇ ಸಕ್ಸೆಸ್ ರೇಟ್ ಅನ್ನುವ ಅಳತೆ ಬಂದಿದ್ದು. ಮೊದಲ ಅವಕಾಶದಲ್ಲಿ ಬೇಕಾದ ದೂರದ ಸುಮಾರು ಅರ್ಧ, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ ದೂರ ಗಳಿಸಿದರೆ ಆ ಓಟ ಸಫಲ. ಎಷ್ಟು ಓಟ ಸಫಲ ಅಂತ ಎಣಿಸುತ್ತಾರೆ. ಒಳ್ಳೆಯ ಅಳತೆಯೇ. ಆದರೆ ಆ 70 ಗಜದ ಒಂದು ಓಟದಿಂದಲೇ ಪಂದ್ಯ ಗೆದ್ದ ದಿನ ಅದಕ್ಕೆ ಹೇಳಲು ಏನೂ ಇರುವುದಿಲ್ಲ.

ಲೈನ್‌ನ ಪಾಲನ್ನು ಕಳೆದು ನೋಡೋಣ ಅಂದರೆ 2015ರಲ್ಲಿ ಅದೂ ಕೈಕೊಡುತ್ತದೆ. ದೇಶದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಶುರುವಾಗಿದ್ದೇ ಆ ವರ್ಷ, ಮೊದಲ ವಿಜೇತ ಅಲಬಾಮಾ. ಓಹೋ, ಹಾಗಾದರೆ ಹೆನ್ರಿಯ ಅರ್ಧ ಕೆಲಸ ಲೈನೇ ಮಾಡಿದೆ ಅಂತ ಮೆಕ್ಯಾಫ್ರಿ ಕಡೆಯವರು ಕುಣಿಯುವ ಮುಂಚೆ ಇನ್ನೊಂದು ಹೆಸರು ನೋಡಬೇಕು. ಲೈನ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು ಅದೇ ವರ್ಷ ಗೆದ್ದ ಜೋಶುವಾ ಗಾರ್ನೆಟ್ ಸ್ಟ್ಯಾನ್‌ಫರ್ಡ್ ಲೈನ್‌ನಲ್ಲಿದ್ದ. ಇಬ್ಬರ ಮುಂದೆಯೂ ಗಟ್ಟಿ ಜನರೇ ಇದ್ದರು.

ಇನ್ನು ಅಂಕಿಯಲ್ಲಿ ಬರದೇ ಹೋಗುವ ಕೆಲಸ ಬೇರೆ. ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯಲು ನಿಂತಾಗ ಲೈನ್ ತಪ್ಪಿಸಿಕೊಂಡು ಒಬ್ಬ ಎದುರಾಳಿ ನುಗ್ಗಿ ಬಂದರೆ, ಅವನನ್ನು ತಡೆಯಬೇಕಾದವನು ಇದೇ ರನ್ನಿಂಗ್ ಬ್ಯಾಕ್. ತಡೆದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಿಟ್ಟರೆ ಕ್ವಾರ್ಟರ್‌ಬ್ಯಾಕ್ ಆಸ್ಪತ್ರೆಗೆ. ಆ ವರ್ಷ ಒಹಾಯೊ ಸ್ಟೇಟ್‌ನಲ್ಲಿದ್ದ ಎಝಿಕಿಯೆಲ್ ಎಲಿಯಟ್ ಈ ಕೆಲಸದಲ್ಲಿ ಪಳಗಿದವನು. 1,821 ಗಜ, 23 ಟಚ್‌ಡೌನ್ ಇದ್ದೂ ಬಹುಮಾನದ ಮಾತಿನಲ್ಲಿ ಅವನ ಹೆಸರು ಹಿಂದೆಯೇ ಉಳಿಯಿತು.

ಬಹುಮಾನ ಅಂದರೆ ಹೈಸ್‌ಮನ್ ಟ್ರೋಫಿ. 1935ರಿಂದ ದೇಶದ ಅತ್ಯುತ್ತಮ ಕಾಲೇಜ್ ಫುಟ್‌ಬಾಲ್ ಆಟಗಾರನಿಗೆ ಕೊಡುವ ಪ್ರಶಸ್ತಿ. ಆಯ್ಕೆ ಮಾಡುವವರಲ್ಲಿ ಹೆಚ್ಚಿನವರು ಪತ್ರಕರ್ತರು. ದೇಶವನ್ನು ಆರು ವಲಯ ಮಾಡಿ ವಲಯಕ್ಕೆ 145ರಂತೆ 870 ವೋಟು. ಹಿಂದಿನ ವಿಜೇತರಿಗೂ ವೋಟು, ಅಭಿಮಾನಿಗಳೆಲ್ಲ ಸೇರಿ ಒಂದು ವೋಟು. ಒಬ್ಬೊಬ್ಬರೂ ಮೂರು ಹೆಸರು ಬರೆಯುತ್ತಾರೆ. ಮೊದಲ ಹೆಸರಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. 2015ರಲ್ಲಿ ಹೆನ್ರಿಗೆ 1,832, ಮೆಕ್ಯಾಫ್ರಿಗೆ 1,539. ಹೆನ್ರಿ ಗೆದ್ದ. ಆದರೆ ಅಸೋಸಿಯೇಟೆಡ್ ಪ್ರೆಸ್ ತನ್ನ ವರ್ಷದ ಆಟಗಾರ ಪ್ರಶಸ್ತಿಯನ್ನು ಮೆಕ್ಯಾಫ್ರಿಗೆ ಕೊಟ್ಟಿತು. ಅದೇ ಸೀಸನ್, ಅದೇ ಆಟ, ಉತ್ತರ ಎರಡು.

ಪತ್ರಕರ್ತರು ಎಲ್ಲ ಪಂದ್ಯ ನೋಡಿದ್ದರೇ ಅನ್ನೋದು ಇನ್ನೊಂದು ತಕರಾರು. ಸ್ಟ್ಯಾನ್‌ಫರ್ಡ್ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಪಶ್ಚಿಮ ತೀರದಲ್ಲಿ ಸಂಜೆ ಏಳೂವರೆಗೆ ಪಂದ್ಯ ಶುರುವಾದರೆ ನ್ಯೂಯಾರ್ಕಿನಲ್ಲಿ ರಾತ್ರಿ ಹತ್ತೂವರೆ. ಅಲ್ಲಿನ ವೋಟುದಾರ ಮಲಗುವ ಹೊತ್ತು. ತಮಾಷೆ ಅಂದರೆ, ಬೆಂಗಳೂರಿನಲ್ಲಿ ಆಗ ಭಾನುವಾರ ಬೆಳಿಗ್ಗೆ ಎಂಟು, ಒಂಬತ್ತು ಗಂಟೆ. ಆ ಪಂದ್ಯಗಳನ್ನು ಆರಾಮವಾಗಿ ದೋಸೆ ತಿನ್ನುತ್ತಾ ನೋಡಲು ನಮಗೇ ಹೆಚ್ಚು ಅನುಕೂಲ ಇತ್ತು, ಆದರೆ ನಮ್ಮ ಹತ್ತಿರ ವೋಟಿಲ್ಲ.

ಸ್ಟ್ಯಾನ್‌ಫರ್ಡ್‌ನವರಿಗೆ ಈ ಗಾಯ ಹೊಸದೂ ಆಗಿರಲಿಲ್ಲ. 2009ರಲ್ಲಿ ಅವರ ಟೋಬಿ ಗರ್‌ಹಾರ್ಟ್ 1,871 ಗಜ ಓಡಿ 28 ಟಚ್‌ಡೌನ್ ಮಾಡಿದ್ದ. ಹೈಸ್‌ಮನ್ ಹೋಗಿದ್ದು 1,658 ಗಜ ಓಡಿದ ಮಾರ್ಕ್ ಇಂಗ್ರಮ್‌ಗೆ. ಯಾವ ಕಾಲೇಜು ಗೊತ್ತಾ? ಅಲಬಾಮಾ. ಅಂತರ ಬರೀ 28 ಅಂಕ. ಅಷ್ಟು ಕಡಿಮೆ ಅಂತರ ಹೈಸ್‌ಮನ್ ಇತಿಹಾಸದಲ್ಲೇ ಇಲ್ಲ. ಆದರೆ ಅದೇ ವರ್ಷ ರನ್ನಿಂಗ್ ಬ್ಯಾಕ್‌ಗಳಿಗೆಂದೇ ಇರುವ ಡೋಕ್ ವಾಕರ್ ಪ್ರಶಸ್ತಿ ಗರ್‌ಹಾರ್ಟ್‌ಗೆ ಹೋಯಿತು. ಅಂದರೆ ದೇಶದ ಅತ್ಯುತ್ತಮ ಆಟಗಾರ ಒಬ್ಬ ರನ್ನಿಂಗ್ ಬ್ಯಾಕ್, ಆದರೆ ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್ ಅವನಲ್ಲ! ಓದಿದರೆ ನಗು ಬರುತ್ತದೆ. ಒಳಗಿನ ಕಾರಣ ಸರಳ. ಅಲಬಾಮಾ ಆ ವರ್ಷ ಒಂದೂ ಪಂದ್ಯ ಸೋಲಲಿಲ್ಲ, ಸ್ಟ್ಯಾನ್‌ಫರ್ಡ್ ವೋಟಿನ ಹೊತ್ತಿಗೇ ನಾಲ್ಕು ಸೋತಿತ್ತು. ಹೈಸ್‌ಮನ್ ವೋಟುದಾರರು ಓಟಗಾರನನ್ನು ಅಳೆಯುವಾಗ ತಂಡದ ಗೆಲುವನ್ನೂ ತಕ್ಕಡಿಗೆ ಹಾಕುತ್ತಾರೆ. ಹಾಕಬೇಕೋ ಬೇಡವೋ ಅಂತ ನಿಯಮ ಎಲ್ಲೂ ಹೇಳಿಲ್ಲ.

2015ರ ವೋಟಿಂಗ್‌ಗೂ ಒಂದು ಸಮಸ್ಯೆ ಇತ್ತು. ವೋಟು ಡಿಸೆಂಬರ್ ಮೊದಲಲ್ಲೇ ಮುಗಿಯುತ್ತದೆ, ವರ್ಷದ ದೊಡ್ಡ ಪಂದ್ಯಗಳು ಆಮೇಲೆ ನಡೆಯುತ್ತವೆ. 2016ರ ಜನವರಿ 1ರಂದು, ಸೀಸನ್ ಮುಗಿದ ಮೇಲೆ ನಡೆಯುವ ರೋಸ್ ಬೌಲ್ ಪಂದ್ಯದಲ್ಲಿ ಅಯೋವಾ ಎದುರು ಮೊದಲ ಚೆಂಡಿಗೇ ಮೆಕ್ಯಾಫ್ರಿ 75 ಗಜದ ಪಾಸ್ ಹಿಡಿದು ಟಚ್‌ಡೌನ್ ಮಾಡಿದ. ಮುಗಿಯುವಾಗ ಒಟ್ಟು 368 ಗಜ ಅವನ ಹೆಸರಿನಲ್ಲಿತ್ತು. ಒಂದೇ ರೋಸ್ ಬೌಲ್‌ನಲ್ಲಿ ಓಡಿ ನೂರು, ಹಿಡಿದು ನೂರು ಗಜ ದಾಟಿದ ಮೊದಲ ಆಟಗಾರ ಅವನೇ. ಹತ್ತು ದಿನದ ನಂತರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಕ್ಲೆಮ್ಸನ್ ಎದುರು ಹೆನ್ರಿ 158 ಗಜ, ಮೂರು ಟಚ್‌ಡೌನ್ ಮಾಡಿ ಕಪ್ ಎತ್ತಿದ. ಈ ಎರಡೂ ಪಂದ್ಯ ವೋಟಿನ ಲೆಕ್ಕಕ್ಕೆ ಬರಲೇ ಇಲ್ಲ.

ನನ್ನನ್ನು ಕೇಳಿದರೆ 2015 ಮೆಕ್ಯಾಫ್ರಿಯದು. ಹೆನ್ರಿ ಮಾಡಿದ ಓಟದ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಇವನೂ ಮಾಡಿದ, ಅದರ ಮೇಲೆ ಇನ್ನೊಬ್ಬ ಪೂರ್ತಿ ಆಟಗಾರನ ಕೆಲಸ ಮಾಡಿದ. ಸ್ಟ್ಯಾನ್‌ಫರ್ಡ್ ಸೀಸನ್ನಿನ ಮೊದಲ ಪಂದ್ಯದಲ್ಲೇ ನಾರ್ತ್‌ವೆಸ್ಟರ್ನ್ ಎದುರು 16-6ರಿಂದ ಸೋತು ಮುಗ್ಗರಿಸದಿದ್ದರೆ ವೋಟೂ ಬೇರೆ ಆಗಬಹುದಿತ್ತು. ಒಪ್ಪದವರು ಆಬರ್ನ್ ಪಂದ್ಯದ 46 ಕ್ಯಾರಿ ತೋರಿಸುತ್ತಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಅನ್ನೋದೂ ನಿಜ.

ಒಂದೇ ವರ್ಷದ ಇಬ್ಬರನ್ನು ಹೋಲಿಸುವುದು ಇಷ್ಟು ಕಷ್ಟ. ಬೇರೆ ಬೇರೆ ಕಾಲದವರನ್ನು ಹೋಲಿಸಲು ಹೋದರೆ ಅಂಕಿಗಳೇ ಸುಳ್ಳು ಹೇಳಲು ಶುರು ಮಾಡುತ್ತವೆ. ಬ್ಯಾರಿ ಸ್ಯಾಂಡರ್ಸ್ ಕಥೆ ನೋಡಿ. ಎತ್ತರ 5 ಅಡಿ 8 ಇಂಚು. ಒಕ್ಲಹೋಮಾ ಸ್ಟೇಟ್‌ನಲ್ಲಿ 1987ರವರೆಗೂ ಥರ್ಮನ್ ಥಾಮಸ್ ಎಂಬ ಇನ್ನೊಬ್ಬ ದೊಡ್ಡ ಆಟಗಾರನ ಹಿಂದೆ ಬದಲಿಯಾಗಿ ಕಾಯುತ್ತಿದ್ದ. 1988ರಲ್ಲಿ ಜಾಗ ಸಿಕ್ಕಿತು. ಸೀಸನ್ನಿನ ಮೊದಲ ಕಿಕ್ ಅನ್ನೇ 100 ಗಜ ವಾಪಸ್ ಓಡಿಸಿದ. ಆಮೇಲೆ 11 ಪಂದ್ಯಗಳಲ್ಲಿ 2,628 ಗಜ, ಓಡಿ ಮಾಡಿದ ಟಚ್‌ಡೌನ್ 37. ಕ್ಯಾರಿಗೆ 7.6ರ ಸರಾಸರಿ. ನಾಲ್ಕು ಪಂದ್ಯಗಳಲ್ಲಿ 300 ಗಜ ದಾಟಿದ. ಹೈಸ್‌ಮನ್ ಬಂದ ಸುದ್ದಿ ತಿಳಿದಾಗ ಅವನಿದ್ದದ್ದು ಟೋಕಿಯೋದಲ್ಲಿ. ಟೆಕ್ಸಸ್ ಟೆಕ್ ಜೊತೆಗಿನ ಪಂದ್ಯವನ್ನು ಅಲ್ಲಿ ಇಟ್ಟಿದ್ದರು. ಆ ಪಂದ್ಯದಲ್ಲಿ 332 ಗಜ ಓಡಿದ.

2024ರಲ್ಲಿ ಬೊಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ ಆ ದಾಖಲೆಯ ಬಾಗಿಲಿಗೆ ಬಂದ. 374 ಕ್ಯಾರಿ, 2,601 ಗಜ, 29 ಟಚ್‌ಡೌನ್. ಸ್ಯಾಂಡರ್ಸ್‌ಗಿಂತ 27 ಗಜ ಕಡಿಮೆ. ಅಯ್ಯೋ, ಇನ್ನೊಂದು ಒಳ್ಳೆಯ ಓಟ ಸಿಕ್ಕಿದ್ದರೆ ಅಂತ ಎಲ್ಲರೂ ಕೈ ಹಿಸುಕಿಕೊಂಡರು. ಆದರೆ ಜೆಂಟಿ ಆಡಿದ್ದು 14 ಪಂದ್ಯ. ಸ್ಯಾಂಡರ್ಸ್ ಕೂಡ 12ನೆಯ ಪಂದ್ಯ ಆಡಿದ್ದ, ಹಾಲಿಡೇ ಬೌಲ್ ಅಂತ, ಅಲ್ಲಿ 222 ಗಜ, ಐದು ಟಚ್‌ಡೌನ್. ಅದನ್ನು ದಾಖಲೆಯಲ್ಲಿ ಸೇರಿಸಲೇ ಇಲ್ಲ. ಯಾಕೆಂದರೆ ಸೀಸನ್ ಮುಗಿದ ಮೇಲಿನ ಬೌಲ್ ಪಂದ್ಯಗಳ ಅಂಕಿಯನ್ನು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ಎಣಿಸಲು ಶುರು ಮಾಡಿದ್ದು 2002ರಲ್ಲಿ. ಸೇರಿಸಿದರೆ ಸ್ಯಾಂಡರ್ಸ್ 2,850. ಪಂದ್ಯಕ್ಕೆ 237.5 ಗಜ. ಜೆಂಟಿ 186.

ಇದೇ ನಿಯಮ ಇನ್ನೊಬ್ಬರ ಕೈಯಿಂದ ದಾಖಲೆಯನ್ನೇ ಕಿತ್ತುಕೊಂಡಿತು. 1999ರಲ್ಲಿ ಹೈಸ್‌ಮನ್ ಗೆದ್ದ ವಿಸ್ಕಾನ್ಸಿನ್‌ನ ರಾನ್ ಡೇನ್ ನಾಲ್ಕು ವರ್ಷದಲ್ಲಿ ಬೌಲ್ ಪಂದ್ಯಗಳೂ ಸೇರಿ 7,125 ಗಜ ಓಡಿದ್ದ. ಎನ್‌ಸಿಎಎ ಪುಸ್ತಕದಲ್ಲಿ ಇದ್ದದ್ದು 6,397. 2016ರಲ್ಲಿ ಸ್ಯಾನ್ ಡಿಯಾಗೋ ಸ್ಟೇಟ್‌ನ ಡೊನೆಲ್ ಪಂಫ್ರಿ 6,405 ಮಾಡಿ ಅಧಿಕೃತವಾಗಿ ಅವನನ್ನು ದಾಟಿದ, ಅದೂ ಬೌಲ್ ಪಂದ್ಯದ ಗಜ ಸೇರಿಸಿಕೊಂಡು. ಒಬ್ಬನಿಗೆ ಸೇರಿಸಿ, ಇನ್ನೊಬ್ಬನಿಗೆ ಬಿಟ್ಟು ದಾಖಲೆ ಬರೆದರೆ ಅದಕ್ಕೆ ಏನನ್ನಬೇಕು? ಪಂಫ್ರಿ ಏನೂ ತಪ್ಪು ಮಾಡಿಲ್ಲ ಪಾಪ. ಆದರೆ ಅತಿ ಹೆಚ್ಚು ಗಜ ಓಡಿದವನು ಯಾರು ಅಂದರೆ ನಾನಂತೂ ಡೇನ್ ಅನ್ನುತ್ತೇನೆ.

ಹೆನ್ರಿಯ ಒಂದು ದಾಖಲೆಯನ್ನೂ ಇದೇ ಕನ್ನಡಕ ಹಾಕಿ ನೋಡಬೇಕು. ಅಲಬಾಮಾ ಆಡುವ ಎಸ್‌ಇಸಿ ಎಂಬ ಗುಂಪಿನಲ್ಲಿ ಒಂದು ಸೀಸನ್ನಿನ ಓಟದ ದಾಖಲೆ ಜಾರ್ಜಿಯಾದ ಹರ್ಷಲ್ ವಾಕರ್ ಹೆಸರಿನಲ್ಲಿತ್ತು, 1981ರ 1,891 ಗಜ. ಹೆನ್ರಿ ಅದನ್ನು ದಾಟಿದ್ದು 13ನೆಯ ಪಂದ್ಯದಲ್ಲಿ. ವಾಕರ್ ಅಷ್ಟು ಓಡಿದ್ದು 11 ಪಂದ್ಯಗಳಲ್ಲಿ. ಮೆಕ್ಯಾಫ್ರಿಗೂ ಇದೇ ಮಾತು ತಗಲುತ್ತದೆ. 3,864 ಗಜಕ್ಕೆ ಅವನಿಗೆ 14 ಪಂದ್ಯ ಬೇಕಾಯಿತು, ಸ್ಯಾಂಡರ್ಸ್‌ನ 3,250 ಬಂದದ್ದು 11ರಲ್ಲಿ. ಪಂದ್ಯಕ್ಕೆ 276 ಒಬ್ಬನದು, 295 ಇನ್ನೊಬ್ಬನದು. ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಒಂದು ಸೀಸನ್ ಯಾವುದು ಅನ್ನುವ ಪ್ರಶ್ನೆಯಲ್ಲಿ ನನಗೆ ಅನುಮಾನವೇ ಇಲ್ಲ. 1988. ಬೇರೆ ಯಾವ ವರ್ಷವನ್ನಾದರೂ ಯಾರಾದರೂ ಹೇಳಿದರೆ ಕೇಳಿಸಿಕೊಳ್ಳುತ್ತೇನೆ, ಒಪ್ಪುವುದಿಲ್ಲ.

ಜೆಂಟಿ ಮೇಲೆ ಬಂದ ಇನ್ನೊಂದು ಆಕ್ಷೇಪ ಎದುರಾಳಿಗಳ ಬಗ್ಗೆ. ಬೊಯ್ಸಿ ಸ್ಟೇಟ್ ಆಗ ಆಡುತ್ತಿದ್ದದ್ದು ಮೌಂಟನ್ ವೆಸ್ಟ್ ಎಂಬ ಸಣ್ಣ ಗುಂಪಿನಲ್ಲಿ. ಸಣ್ಣ ತಂಡಗಳ ಮೇಲೆ ಯಾರು ಬೇಕಾದರೂ ಓಡಬಹುದು ಅಂದರು. ಈ ಮಾತನ್ನು ಪರೀಕ್ಷೆ ಮಾಡಲು ಒಂದು ಪಂದ್ಯ ಸಿಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆರಿಗನ್ ಊರಿಗೇ ಹೋಗಿ ಜೆಂಟಿ 25 ಕ್ಯಾರಿಯಲ್ಲಿ 192 ಗಜ ಓಡಿ ಮೂರು ಟಚ್‌ಡೌನ್ ಮಾಡಿದ. ಆರಿಗನ್ ಕೊನೆ ಗಳಿಗೆಯಲ್ಲಿ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಫೀಲ್ಡ್ ಗೋಲ್‌ನಿಂದ 37-34ಕ್ಕೆ ಬಚಾವಾಯಿತು, ಆಮೇಲೆ ಡಿಸೆಂಬರ್‌ವರೆಗೆ ಒಂದೂ ಪಂದ್ಯ ಸೋಲದೆ ದೇಶದ ನಂಬರ್ ಒನ್ ಆಯಿತು. ಇನ್ನೊಂದು ತುದಿಯಲ್ಲಿ ಕೊನೆಯ ಪಂದ್ಯ, ಪೆನ್ ಸ್ಟೇಟ್ ಎದುರು ಫಿಯೆಸ್ಟಾ ಬೌಲ್. ಅಲ್ಲಿ 30 ಕ್ಯಾರಿಗೆ 104 ಗಜ. ಜೆಂಟಿ ಪರ ಇರುವವರು ಆರಿಗನ್ ಪಂದ್ಯ ತೋರಿಸುತ್ತಾರೆ, ವಿರೋಧಿಗಳು ಪೆನ್ ಸ್ಟೇಟ್ ಪಂದ್ಯ. ಎರಡೂ ಒಬ್ಬನವೇ.

ಆ ವರ್ಷದ ಹೈಸ್‌ಮನ್ ಕೊಲರಾಡೋದ ಟ್ರಾವಿಸ್ ಹಂಟರ್‌ಗೆ ಹೋಯಿತು, 2,231ಕ್ಕೆ 2,017. ಹಂಟರ್ ದಾಳಿಯಲ್ಲೂ ಆಡಿದ, ರಕ್ಷಣೆಯಲ್ಲೂ ಆಡಿದ. ಈ ಕಾಲದಲ್ಲಿ ಅದು ಅಪರೂಪದಲ್ಲಿ ಅಪರೂಪ. ಸೋತದ್ದಕ್ಕೆ ಜೆಂಟಿ ತಪ್ಪೇನೂ ಇಲ್ಲ. ಆದರೆ ರನ್ನಿಂಗ್ ಬ್ಯಾಕ್‌ಗಳ ಕಾಲ ಹೇಗೆ ಬದಲಾಗಿದೆ ಅನ್ನೋದು ಇಲ್ಲಿ ಕಾಣುತ್ತದೆ. 1973ರಿಂದ 1983ರವರೆಗೆ 11 ವರ್ಷ ಸತತವಾಗಿ ಹೈಸ್‌ಮನ್ ರನ್ನಿಂಗ್ ಬ್ಯಾಕ್‌ಗಳದೇ ಆಗಿತ್ತು. ಆರ್ಚಿ ಗ್ರಿಫಿನ್, ಟೋನಿ ಡಾರ್ಸೆಟ್, ಅರ್ಲ್ ಕ್ಯಾಂಬೆಲ್, ಮಾರ್ಕಸ್ ಅಲೆನ್, ಹರ್ಷಲ್ ವಾಕರ್, ಎಲ್ಲ ಆ ಸಾಲಿನವರು. 2000ದಿಂದ 2024ರವರೆಗಿನ 25 ಪ್ರಶಸ್ತಿಗಳಲ್ಲಿ 20 ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೋಗಿವೆ. ರನ್ನಿಂಗ್ ಬ್ಯಾಕ್‌ಗಳು ಮೂವರು ಮಾತ್ರ: ರೆಜಿ ಬುಷ್, ಇಂಗ್ರಮ್, ಹೆನ್ರಿ. ತಂಡಗಳು ಚೆಂಡು ಎಸೆಯುವುದು ಜಾಸ್ತಿ ಮಾಡಿವೆ, ಓಟವನ್ನು ಇಬ್ಬರು ಮೂವರಿಗೆ ಹಂಚುತ್ತಿವೆ. ಈಗ ರನ್ನಿಂಗ್ ಬ್ಯಾಕ್ ಆ ವೇದಿಕೆಗೆ ಹೋಗಬೇಕಾದರೆ ಸುಮ್ಮನೆ ಒಳ್ಳೆಯ ಸೀಸನ್ ಸಾಲದು, ಇತಿಹಾಸವನ್ನೇ ಅಲ್ಲಾಡಿಸಬೇಕು. ಜೆಂಟಿ ಅಲ್ಲಾಡಿಸಿದ, ಆದರೂ ಸಾಲಲಿಲ್ಲ.

ಕೊನೆಗೆ ಎಲ್ಲರೂ ಹಿಡಿಯುವ ದಾರಿ ಒಂದಿದೆ. ಮುಂದೆ ವೃತ್ತಿಪರ ಲೀಗ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ ಯಾರು ಗೆದ್ದರು ನೋಡೋಣ, ಅಲ್ಲಿ ಸತ್ಯ ಗೊತ್ತಾಗುತ್ತದೆ ಅಂತ. ಇದರಲ್ಲಿ ನನಗೆ ನಂಬಿಕೆ ಇಲ್ಲ. ಡೇನ್ ಅಲ್ಲಿ ಸಾಧಾರಣ ಆಟಗಾರನಾಗಿ ಉಳಿದ, ಹಾಗಂತ ಕಾಲೇಜಿನ 7,125 ಗಜ ಅಳಿಸಿ ಹೋಗುವುದಿಲ್ಲ. 2015ರ ಗುಂಪಿನ ವಿಷಯದಲ್ಲಂತೂ ಈ ದಾರಿ ಎಲ್ಲಿಗೂ ಒಯ್ಯುವುದಿಲ್ಲ. ಎಲಿಯಟ್ ಮೊದಲ ವರ್ಷವೇ 1,631 ಗಜ ಓಡಿ ಲೀಗ್‌ನಲ್ಲಿ ಮೊದಲಿಗನಾದ. ಲೀಗ್ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2016ರ ಆಯ್ಕೆಯಲ್ಲಿ ಹೆನ್ರಿ 45ನೆಯವನಾಗಿ ಹೋದ, ಅಷ್ಟು ಹೊರೆ ಹೊತ್ತ ಮೈ ಎಷ್ಟು ದಿನ ಬಾಳುತ್ತದೆ ಅನ್ನುವ ಅನುಮಾನ ಆಗ ಜೋರಾಗಿತ್ತು. 2020ರಲ್ಲಿ ಅವನು 2,027 ಗಜ ಓಡಿದ. 2024ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಬಾಲ್ಟಿಮೋರ್ ಪರ 1,921. ಮೆಕ್ಯಾಫ್ರಿ 2017ರಲ್ಲಿ 8ನೆಯ ಆಯ್ಕೆ. 2019ರಲ್ಲಿ ಓಡಿ ಸಾವಿರ, ಹಿಡಿದು ಸಾವಿರ ಗಜ ಮಾಡಿದ. 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಪರ ಆಡಿ ವರ್ಷದ ಅತ್ಯುತ್ತಮ ದಾಳಿ ಆಟಗಾರ ಅನ್ನಿಸಿಕೊಂಡ. ಕಾಲೇಜಿನಲ್ಲಿ ಒಬ್ಬ ಹೊರೆ ಹೊರುವವನು, ಇನ್ನೊಬ್ಬ ಎಲ್ಲ ಕೆಲಸ ಮಾಡುವವನು. ಎನ್‌ಎಫ್‌ಎಲ್‌ನಲ್ಲೂ ಇಬ್ಬರೂ ಹಾಗೇ ಉಳಿದರು, ಅವರ ಅಭಿಮಾನಿಗಳ ಜಗಳವೂ ಟಸ್ಕಲೂಸಾ ಬಿಟ್ಟು ಅಲ್ಲಿಗೇ ಹೋಯಿತು.